ಆಟಕ್ಕೆ ಕರೆಯದವರು ಆಸರೆಯಾಗಲಾರರು



ಪ್ರತಿ ವರ್ಷ ಡಿಸೆಂಬರ್ 3ರಂದು ವಿಕಲಚೇತನರ ದಿನವೆಂದು ಸಮಾರಂಭಗಳು ನಡೆಯುತ್ತವೆ. 1992ರಲ್ಲಿ ವಿಶ್ವಸಂಸ್ಥೆಯು ಗೊತ್ತುಪಡಿಸಿದ ದಿನವದು. ಅಂದು ಊರೂರಲ್ಲಿ ಶಾಮಿಯಾನ ಏಳುತ್ತದೆ. ವೇದಿಕೆಯ ಮೇಲೆ ಗಣ್ಯರು ಆಸೀನರಾಗುತ್ತಾರೆ. ವಿಶೇಷ ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿ, ಒಂದು ನೃತ್ಯ ಮಾಡಿಸಿ, ಹಣ್ಣು ಬಿಸ್ಕತ್ತುಗಳನ್ನು ಹಂಚಿ, ಛಾಯಾಚಿತ್ರ ತೆಗೆಸಿಕೊಂಡು, 'ಇವರು ದೇವರ ಮಕ್ಕಳು' ಎಂದು ಕೊಂಡಾಡಿ ಕಳುಹಿಸಲಾಗುತ್ತದೆ. ನೋಡಿದವರ ಕಣ್ಣುಗಳು ತೇವಗೊಳ್ಳುತ್ತವೆ. ಆ ಕಣ್ಣೀರನ್ನು ನಾವು ಕೃತಕವೆನ್ನುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಬಿಡಲಾಗದು: ಡಿಸೆಂಬರ್ 4ರ ಬೆಳಗಿನಿಂದ ಮರುವರ್ಷದ ಡಿಸೆಂಬರ್ 2ರ ರಾತ್ರಿಯವರೆಗೆ ಈ ದೇವರ ಮಕ್ಕಳು ಎಲ್ಲಿರುತ್ತಾರೆ? ಯಾರೊಡನೆ ಆಡುತ್ತಾರೆ? ಸಂಜೆಯ ಹೊತ್ತು ಅವರ ಮನೆಯ ಬಾಗಿಲನ್ನು ಯಾರು ತಟ್ಟುತ್ತಾರೆ?

ನಾವಿಲ್ಲಿ ಹೇಳುತ್ತಿರುವುದು ಬೆಳವಣಿಗೆಯ ಕಾಲದಲ್ಲಿಯೇ ತೋರಿಬರುವ ವೈಕಲ್ಯವುಳ್ಳವರ ವಿಚಾರ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಎಂದು ವೈದ್ಯಶಾಸ್ತ್ರವು ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ; ನಮ್ಮ ಜನ ಮಾತ್ರ ಇವರನ್ನೆಲ್ಲ 'ಬುದ್ಧಿ ಇಲ್ಲದವರು' ಎಂಬ ಒಂದೇ ಮೂಟೆಗೆ ಕಟ್ಟಿ ಮೂಲೆಗೆ ಇಡುತ್ತಾರೆ. 2011ರ ಜನಗಣತಿಯಲ್ಲಿ ಬುದ್ಧಿಮಾಂದ್ಯವೆಂಬ ಶೀರ್ಷಿಕೆಯಡಿ ಭಾರತದಾದ್ಯಂತ ಲೆಕ್ಕಕ್ಕೆ ಸಿಕ್ಕವರು ಸುಮಾರು 15 ಲಕ್ಷ ಮಂದಿ. ಆಟಿಸಂಗೆ ಆ ಗಣತಿಯಲ್ಲಿ ಪ್ರತ್ಯೇಕ ಕಲಮೇ ಇರಲಿಲ್ಲ. ಸೆರೆಬ್ರಲ್ ಪಾಲ್ಸಿಯಾದವರಲ್ಲಿ ಅನೇಕರ ಬುದ್ಧಿಗೆ ಯಾವ ಕೊರತೆಯೂ ಇರುವುದಿಲ್ಲ. ಮಾತು ತೊದಲುತ್ತದೆ, ಕೈಕಾಲು ಹಿಡಿತಕ್ಕೆ ಬಾರದು, ಅಷ್ಟೆ. ಅಂಥವರ ಎದುರಿನಲ್ಲಿಯೇ ಅವರ ವಿಷಯವಾಗಿ ಕೀಳಾಗಿ ಮಾತನಾಡುವ ನಾವು, ಅವರು ಪ್ರತಿಯೊಂದು ಅಕ್ಷರವನ್ನೂ ಕೇಳಿಸಿಕೊಳ್ಳುತ್ತಿದ್ದಾರೆಂಬುದನ್ನು ಮರೆಯುತ್ತೇವೆ.

ಸರ್ಕಾರವು ಇವರಿಗೆ ಏನನ್ನೂ ಮಾಡಿಲ್ಲವೆನ್ನುವುದು ಅನ್ಯಾಯವಾದೀತು. ಗುರುತಿನ ಚೀಟಿಯುಂಟು, ಮಾಸಾಶನವುಂಟು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಫಲವಾಗಿ 'ನಿರಾಮಯ' ಎಂಬ ಒಂದು ಲಕ್ಷ ರೂಪಾಯಿಯ ಆರೋಗ್ಯ ವಿಮೆಯುಂಟು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 6ರಿಂದ 18ರ ವಯಸ್ಸಿನವರಿಗೆ ಉಚಿತ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿದೆ. ಆದರೆ ಹದಿನೆಂಟು ತುಂಬಿದ ಮರುದಿನದ ಸ್ಥಿತಿಯನ್ನು ಊಹಿಸಿಕೊಳ್ಳಿ. ಶಾಲೆಯ ಬಾಗಿಲು ಮುಚ್ಚಿತು. ಓರಗೆಯವರು ಕಾಲೇಜಿಗೆ, ಕೆಲಸಕ್ಕೆ, ಮದುವೆಗೆ ನಡೆದರು. ಉಳಿದದ್ದು ಒಂದು ಪಡಸಾಲೆ, ಒಂದು ದೂರದರ್ಶನ, ವಯಸ್ಸಾಗುತ್ತಿರುವ ತಾಯಿ. ಆ ತಾಯಿಗೆ ಬೀಗರ ಮನೆಯ ಮದುವೆಯಿಲ್ಲ, ತವರಿನ ಹಬ್ಬವಿಲ್ಲ, ಜ್ವರ ಬಂದರೆ ಮಲಗುವ ಅವಕಾಶವೂ ಇಲ್ಲ. ಅವಳ ಎದೆಯಲ್ಲಿ ಹಗಲಿರುಳು ಕೊರೆಯುವ ಪ್ರಶ್ನೆ ಒಂದೇ: ನನ್ನ ನಂತರ ಇವನ ಗತಿಯೇನು? ನನಗಿಂತ ಮುಂಚೆ ಈ ಮಗುವನ್ನು ಕರೆದುಕೊಳ್ಳಪ್ಪಾ ಎಂದು ದೇವರಲ್ಲಿ ಮೊರೆಯಿಡುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಹೆತ್ತ ಮಗುವಿನ ಸಾವನ್ನು ವರವಾಗಿ ಬೇಡಬೇಕಾದ ಸ್ಥಿತಿಗೆ ಒಬ್ಬ ತಾಯಿಯನ್ನು ತಂದು ನಿಲ್ಲಿಸಿದ ಸಮಾಜವು ತನ್ನನ್ನು ಧಾರ್ಮಿಕವೆಂದು ಕರೆದುಕೊಳ್ಳಲು ನಾಚಬೇಕು.

ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಪಾಲಕನ ನೇಮಕ. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ಹದಿನೆಂಟು ಮೀರಿದವರಿಗೂ ಪಾಲಕರನ್ನು ನೇಮಿಸಬಲ್ಲುದು. ಇದು ಬೇಕಾದ ಏರ್ಪಾಡು. ಆದರೆ ಸಮಿತಿಯು ಕಾಗದದ ಮೇಲೆ ಹೆಸರನ್ನು ಬರೆಯಬಲ್ಲುದೇ ಹೊರತು ಪರಿಚಯವನ್ನು ಹುಟ್ಟಿಸಲಾರದು. ಈ ಹುಡುಗ ಹಸಿದಾಗ ಹೇಗೆ ಸನ್ನೆ ಮಾಡುತ್ತಾನೆ, ಯಾವ ಸದ್ದಿಗೆ ಬೆದರುತ್ತಾನೆ, ಹಲ್ಲು ನೋವನ್ನು ಹೇಳಲಾರದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆಯೇ ಅಥವಾ ಸುಮ್ಮನೆ ಹಟವೇ ಎಂಬ ತಿಳಿವಳಿಕೆ ಆದೇಶದಿಂದ ಬರುವುದಿಲ್ಲ. ಅದು ಒಡನಾಟದಿಂದ ಬರುತ್ತದೆ. ಆ ಒಡನಾಟದ ಅತಿ ಸರಳವಾದ, ಅತಿ ಸಹಜವಾದ ಬಾಗಿಲೇ ಆಟ. ಹತ್ತು ವರ್ಷ ಜೊತೆಯಲ್ಲಿ ಕೋಲಾಟ ಆಡಿದವನು ಹನ್ನೊಂದನೆಯ ವರ್ಷ ಕೈಬಿಡಲಾರ. ಎಂದೂ ಆಟಕ್ಕೆ ಕರೆಯದವನು ಆಪತ್ತಿನಲ್ಲಿ ಆಸರೆಯಾಗಲಾರ. ಈ ಲೇಖನದಲ್ಲಿ ನಾವು ಪ್ರತಿಪಾದಿಸುವುದು ಇದಿಷ್ಟನ್ನೇ.

ಇಲ್ಲಿ ಕೆಲವರು ಆಕ್ಷೇಪಿಸುತ್ತಾರೆ. ಮೊದಲನೆಯ ಆಕ್ಷೇಪ: 'ಅನ್ನ, ಔಷಧಗಳಿಗೇ ಪರದಾಡುವವರಿಗೆ ಆಟಪಾಟ ಯಾವ ದೊಡ್ಡ ಅಗತ್ಯ?' ಇದು ಕೇಳಲು ವಿವೇಕದ ಮಾತು; ವಿಚಾರಿಸಿದರೆ ಪೊಳ್ಳು. ನಮ್ಮ ಸ್ವಂತ ಮಕ್ಕಳಿಗೆ ಅನ್ನ ತಿನ್ನಿಸಿ, ಲಸಿಕೆ ಹಾಕಿಸಿ, ಬಳಿಕ ಕೋಣೆಯಲ್ಲಿ ಕೂಡಿಹಾಕಿ ಕರ್ತವ್ಯ ಮುಗಿಯಿತೆನ್ನುತ್ತೇವೆಯೇ? ಅಲ್ಲದೆ ಆಟವೂ ಔಷಧವೇ. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಬೊಜ್ಜು, ಥೈರಾಯ್ಡ್ ತೊಂದರೆಗಳು ಸಾಮಾನ್ಯರಿಗಿಂತ ಹೆಚ್ಚು. ಕದಲದೆ ಕುಳಿತ ಬದುಕು ಅವರ ದೇಹವನ್ನು ಬೇಗನೆ ಸವೆಸುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಬಿಗಿದ ಸ್ನಾಯುಗಳು ಚಲನೆಯಿಲ್ಲದೆ ಇನ್ನಷ್ಟು ಬಿಗಿಯುತ್ತವೆ.

ಎರಡನೆಯ ಆಕ್ಷೇಪ: 'ಅವರಿಗೆ ಏನು ತಿಳಿಯುತ್ತದೆ?' ಇದಕ್ಕೆ ಉತ್ತರವನ್ನು ಮೈದಾನಗಳೇ ಕೊಟ್ಟಿವೆ. ಅಮೆರಿಕೆಯ ಯೂನಿಸ್ ಕೆನಡಿ ಶ್ರೈವರ್ ಅವರು 1962ರಲ್ಲಿ ಮೇರಿಲ್ಯಾಂಡಿನ ತಮ್ಮ ಮನೆಯ ಅಂಗಳದಲ್ಲಿಯೇ ಬೌದ್ಧಿಕ ವೈಕಲ್ಯವುಳ್ಳ ಮಕ್ಕಳಿಗೆ ಬೇಸಿಗೆ ಶಿಬಿರವನ್ನು ತೆರೆದರು. ಅವರ ಸ್ವಂತ ಅಕ್ಕ ರೋಸ್‌ಮೇರಿಯೇ ಈ ವೈಕಲ್ಯದ ಕಾರಣದಿಂದ ಮನೆಯಿಂದ ದೂರವಾಗಿ ಸಂಸ್ಥೆಯೊಂದರಲ್ಲಿ ಜೀವ ಸವೆಸಬೇಕಾಗಿತ್ತು. ಆ ಅಂಗಳದ ಶಿಬಿರದ ಗುಟ್ಟು ಉಪಕರಣಗಳಲ್ಲಿರಲಿಲ್ಲ. ಮಕ್ಕಳ ಕೈ ಹಿಡಿದು ಈಜಿಸಲು, ಚೆಂಡು ಎಸೆಯಿಸಲು ಹೆಚ್ಚುಕಡಿಮೆ ತಲೆಗೊಬ್ಬರಂತೆ ತರುಣ ಸಹಾಯಕರಿದ್ದರು. ಅದೇ ಬೀಜ 1968ರ ಜುಲೈ 20ರಂದು ಷಿಕಾಗೋ ನಗರದಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಆಗಿ ಮೊಳೆಯಿತು. 2023ರಲ್ಲಿ ಬರ್ಲಿನ್ನಿನಲ್ಲಿ ನಡೆದ ಅದರ ಜಾಗತಿಕ ಕ್ರೀಡೆಗಳಲ್ಲಿ ನಮ್ಮ ದೇಶದ ಸ್ಪರ್ಧಿಗಳು ಇನ್ನೂರಕ್ಕೂ ಮಿಕ್ಕಿ ಪದಕಗಳನ್ನು ತಂದರು. 'ಏನು ತಿಳಿಯುತ್ತದೆ' ಎಂದು ಕೇಳುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಸುದ್ದಿ ತಿಳಿದಿತ್ತು? ಆ ಸಂಸ್ಥೆಯಲ್ಲಿ ವೈಕಲ್ಯವುಳ್ಳವರೂ ಇಲ್ಲದವರೂ ಒಂದೇ ತಂಡದಲ್ಲಿ ಕೂಡಿ ಆಡುವ ಪದ್ಧತಿಯೂ ಇದೆ. ಪದಕಗಳಿಗಿಂತ ಈ ಕೂಡಿ ಆಡುವ ಪದ್ಧತಿಯೇ ನಮಗೆ ಹೆಚ್ಚು ಬೇಕಾದದ್ದು.

ಮೂರನೆಯ ಆಕ್ಷೇಪ ಇನ್ನೂ ಕ್ರೂರವಾದದ್ದು. ಧರ್ಮದ ವೇಷ ತೊಟ್ಟು ಬರುವಂಥದ್ದು. 'ಅದು ಅವರ ಪೂರ್ವಜನ್ಮದ ಕರ್ಮ, ತಂದೆತಾಯಿಗಳ ಪಾಪ' ಎನ್ನುತ್ತಾರೆ. ಡೌನ್ ಸಿಂಡ್ರೋಮ್ ಬರುವುದು ಜೀವಕೋಶದಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಪ್ರತಿಗಳಿರುವುದರಿಂದ. ಸೆರೆಬ್ರಲ್ ಪಾಲ್ಸಿ ಬರುವುದು ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟಿನಿಂದ. ಇದರಲ್ಲಿ ಪಾಪವೆಲ್ಲಿ ಬಂತು? ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಸಾರಿದ ಶರಣರ ಹೆಸರನ್ನು ದಿನವೂ ನೆನೆಯುವ ಬಾಯಿ, ಒಂದು ಹಸುಗೂಸಿನ ಹುಟ್ಟನ್ನೇ ದಂಡನೆಯೆಂದು ಕರೆಯುವುದಾದರೆ ಆ ನೆನಹು ವ್ಯರ್ಥ. ಪಾಪವೆಂಬುದು ಇಲ್ಲಿ ಇದ್ದರೆ ಅದು ಆ ಮಗುವನ್ನು ಕಂಡು ಬಾಗಿಲು ಮುಚ್ಚಿದ ನೆರೆಮನೆಯದು.

ನಾಲ್ಕನೆಯದು: 'ಇಂಥವರಿಗೆ ನಗರದಲ್ಲಿ ಒಳ್ಳೆಯ ಸಂಸ್ಥೆಗಳಿವೆ, ಅಲ್ಲಿಗೆ ಕಳುಹಿಸಿ' ಎಂಬ ಸಲಹೆ. ಅವಶ್ಯವಿದ್ದವರಿಗೆ ಸಂಸ್ಥೆಗಳು ಬೇಕು. ಅಲ್ಲಿ ಶ್ರಮಿಸುವವರಿಗೆ ನಮ್ಮ ಶರಣು. ಆದರೆ ಊರಿಗೇ ಮಾಡಲು ಸಾಧ್ಯವಿರುವ ಕೆಲಸವನ್ನು ಸಂಸ್ಥೆಯ ತಲೆಗೆ ಕಟ್ಟುವುದು ಹೊಣೆಗೇಡಿತನ. ಬೆಲ್ಜಿಯಂ ದೇಶದಲ್ಲಿ ಗೀಲ್ ಎಂಬ ಊರಿದೆ. ಅಲ್ಲಿಯ ಸಂತ ಡಿಂಪ್ನಾಳ ಗುಡಿಗೆ ಮಧ್ಯಯುಗದಿಂದಲೂ ಮನೋರೋಗಿಗಳನ್ನು ಹರಕೆಗಾಗಿ ಕರೆತರುತ್ತಿದ್ದರು. ಗುಡಿಯ ಆಶ್ರಯದಲ್ಲಿ ಸ್ಥಳ ಸಾಲದಾದಾಗ ಊರವರು ಅವರನ್ನು ತಮ್ಮ ಮನೆಗಳಿಗೆ ಕರೆದೊಯ್ದರು. ಯಾತ್ರಿಕರಾಗಿ ಬಂದವರು ಮನೆಯವರಾಗಿ ಉಳಿದರು. ಹೊಲದಲ್ಲಿ ದುಡಿದರು, ಒಂದೇ ಮೇಜಿನಲ್ಲಿ ಉಂಡರು, ಹಬ್ಬಗಳಲ್ಲಿ ಕೂಡಿದರು. ಅವರಲ್ಲಿ ಬೌದ್ಧಿಕ ವೈಕಲ್ಯವುಳ್ಳವರೂ ಇದ್ದರು. 1930ರ ದಶಕದ ಕೊನೆಯ ವೇಳೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಆ ಸಣ್ಣ ಊರಿನ ಮನೆಗಳಲ್ಲಿದ್ದರು. ಇಂದು ಆ ಸಂಖ್ಯೆ ಬಹಳ ಕುಗ್ಗಿದೆಯಾದರೂ ಪದ್ಧತಿ ಅಳಿದಿಲ್ಲ. ಒಂದು ತೀರ್ಥಕ್ಷೇತ್ರದ ಭಕ್ತಿ ಒಂದು ಊರಿನ ನಡತೆಯಾಗಿ ಮಾರ್ಪಟ್ಟ ಬಗೆ ಇದು. ನಮ್ಮ ನಾಡಿನಲ್ಲಿ ಕ್ಷೇತ್ರಗಳಿಗೆ ಕೊರತೆಯೇ? ಜಾತ್ರೆಗಳಿಗೆ, ಪರಿಷೆಗಳಿಗೆ, ದಾಸೋಹಗಳಿಗೆ ಕೊರತೆಯೇ? ಲಕ್ಷ ಜನರಿಗೆ ಉಣಬಡಿಸುವ ಜಾತ್ರೆಯಲ್ಲಿ, ಧ್ವನಿವರ್ಧಕದ ಅಬ್ಬರಕ್ಕೆ ಕಿವಿ ಮುಚ್ಚಿಕೊಂಡು ಚೀರುವ ಆಟಿಸಂನ ಮಗುವಿಗಾಗಿ ಒಂದು ನಿಶ್ಶಬ್ದವಾದ ಕೋಣೆಯನ್ನು ಬಿಟ್ಟುಕೊಡಲಾರೆವೆಂದರೆ ನಂಬುವವರಾರು? ಈ ಮಾತು ಮಠಗಳಿಗೂ ಅನ್ವಯಿಸುತ್ತದೆ. ಎಲ್ಲಕ್ಕಿಂತ ಮೊದಲು ಮಠಗಳಿಗೇ ಅನ್ವಯಿಸುತ್ತದೆ.

ಮನರಂಜನೆಯೆಂಬುದು ಇಲ್ಲಿ ದಯೆಯ ಮಾತೂ ಅಲ್ಲ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿ, ಭಾರತವು 2007ರಲ್ಲಿ ಒಪ್ಪಿಕೊಂಡ ಒಡಂಬಡಿಕೆಯ 30ನೆಯ ವಿಧಿಯು ಸಾಂಸ್ಕೃತಿಕ ಜೀವನ, ಬಿಡುವು, ಕ್ರೀಡೆಗಳಲ್ಲಿ ವಿಕಲಚೇತನರು ಸಮಾನವಾಗಿ ಭಾಗವಹಿಸುವ ಹಕ್ಕನ್ನು ಮನ್ನಿಸಿದೆ. ನಮ್ಮ 2016ರ ಅಧಿನಿಯಮದ 29 ಮತ್ತು 30ನೆಯ ಕಲಮುಗಳು ಅದನ್ನೇ ಸರ್ಕಾರದ ಹಾಗೂ ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯವನ್ನಾಗಿ ವಿಧಿಸಿವೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಸಂಪನ್ಮೂಲದ ಶೇಕಡ 5ನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಹಣದ ದಾರಿಯುಂಟು, ಆಳಿನ ದಾರಿಯುಂಟು. ಇಲ್ಲದಿರುವುದು ಊರಿನ ಮನಸ್ಸು.

ಹಾಗಾದರೆ ಏನು ಮಾಡಬೇಕು? ಭವ್ಯವಾದ ಕಟ್ಟಡಗಳು ಬೇಡ. ವಾರದಲ್ಲಿ ಎರಡು ಸಂಜೆ, ತಪ್ಪದ ವೇಳೆ, ಬದಲಾಗದ ಸ್ಥಳ, ಅವೇ ಮುಖಗಳು: ಇಷ್ಟಾದರೆ ಸಾಕು. ಆಟಿಸಂ ಉಳ್ಳವರಿಗೆ ವೇಳೆ ಮತ್ತು ಕ್ರಮ ತಪ್ಪದಿರುವುದೇ ಅರ್ಧ ನೆಮ್ಮದಿ. ಮುಂದೆ ಏನು ನಡೆಯುವುದೆಂಬುದನ್ನು ಚಿತ್ರಗಳಲ್ಲಿ ಬರೆದು ತೋರಿಸಿದರೆ ಉಳಿದರ್ಧವೂ ಬಂದೀತು. ಶಾಲೆಯ ಬಯಲು, ಪಂಚಾಯಿತಿಯ ಅರಿವು ಕೇಂದ್ರ, ಗರಡಿಮನೆ, ಭಜನಾ ಮಂದಿರ, ಯಾವುದಾದರೂ ಆದೀತು. ಕೋಲಾಟ, ಲೇಜಿಮು, ಡೊಳ್ಳು, ಭಜನೆಯ ತಾಳ, ಇವೆಲ್ಲ ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಇಡಿಸುವ ಕಲೆಗಳು; ನಿಧಾನವಾಗಿ ಕಲಿಯುವವರಿಗೆ ಹೇಳಿ ಮಾಡಿಸಿದಂಥವು. ಅಳಗುಳಿಮಣೆಯಲ್ಲಿ ಎಣಿಕೆಯೂ ಉಂಟು, ಸರದಿ ಕಾಯುವ ಪಾಠವೂ ಉಂಟು.

ಎಚ್ಚರಿಕೆಗಳೂ ಬೇಕು. ಡೌನ್ ಸಿಂಡ್ರೋಮ್ ಉಳ್ಳ ಕೆಲವರಲ್ಲಿ ಕುತ್ತಿಗೆಯ ಮೇಲ್ಭಾಗದ ಮೂಳೆಗಳ ಸಂಧಿ ಸಡಿಲವಾಗಿರುತ್ತದೆ. ವೈದ್ಯರನ್ನು ಕೇಳದೆ ಅವರಿಂದ ಶೀರ್ಷಾಸನ, ಲಾಗ ಮುಂತಾದವನ್ನು ಮಾಡಿಸಬಾರದು. ಮೂರ್ಛೆರೋಗ ಇವರಲ್ಲಿ ಹೆಚ್ಚು. ಮೂರ್ಛೆ ಬಂದಾಗ ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕೆಂಬುದು ಪ್ರತಿಯೊಬ್ಬ ಸ್ವಯಂಸೇವಕನಿಗೂ ಗೊತ್ತಿರಬೇಕು. ಹೆಣ್ಣುಮಕ್ಕಳ ಜೊತೆಯಲ್ಲಿ ಹೆಂಗಸರೇ ಇರಬೇಕು. ಯಾರನ್ನೂ ಒಬ್ಬಂಟಿಯಾಗಿ ಒಬ್ಬರ ವಶಕ್ಕೆ ಕೊಡಬಾರದು. ಮರುಳರಂತೆ ಆಡಿಸಿ ನಗುವುದಕ್ಕೆ ಅಲ್ಲಿ ಆಸ್ಪದವಿರಕೂಡದು. ಮೂವತ್ತು ವರ್ಷದವರನ್ನು 'ಪಾಪು' ಎಂದು ಕರೆಯದೆ ಅವರ ಹೆಸರು ಹಿಡಿದು ಕರೆಯಬೇಕು. ಯಾವ ಆಟ ಬೇಕೆಂದು ಅವರನ್ನೇ ಕೇಳಬೇಕು. ಬೇಡವೆಂದರೆ ಆ ಬೇಡವೆಂಬುದಕ್ಕೂ ಬೆಲೆಯಿರಬೇಕು.

ಆ ಎರಡು ಸಂಜೆಗಳು ತಾಯಿಯ ಪಾಲಿಗೆ ಏನೆಂಬುದನ್ನು ಬಲ್ಲಿರಾ? ಅವಳು ಸಂತೆಗೆ ಹೋಗಿ ಬಂದಾಳು. ಒಂದು ಗಳಿಗೆ ಕಣ್ಣು ಮುಚ್ಚಿಯಾಳು. ಅದಕ್ಕಿಂತ ಮಿಗಿಲಾಗಿ, ತನ್ನ ಮಗನನ್ನು ಹೆಸರು ಹಿಡಿದು ಕೂಗುವ ಹತ್ತು ಜನ ಊರಲ್ಲಿದ್ದಾರೆಂಬುದನ್ನು ಕಿವಿಯಾರೆ ಕೇಳಿಯಾಳು. 'ನನ್ನ ನಂತರ' ಎಂಬ ಪ್ರಶ್ನೆಗೆ ಅದಕ್ಕಿಂತ ದೃಢವಾದ ಉತ್ತರವನ್ನು ಯಾವ ವಿಮಾ ಸಂಸ್ಥೆಯೂ ಬರೆದುಕೊಡಲಾರದು.

ವಾಚಕರೇ, ನಿಮ್ಮ ಬೀದಿಯಲ್ಲಿಯೂ ಇಂಥದೊಂದು ಮನೆಯಿದ್ದೀತು. ಕಿಟಕಿಯ ಸರಳು ಹಿಡಿದು ಬೀದಿಯ ಮಕ್ಕಳ ಆಟವನ್ನು ನೋಡುವ ಒಂದು ಮುಖವನ್ನು ನೀವು ಕಂಡಿರಬೇಕು. ಕಂಡೂ ಮುಂದೆ ನಡೆದಿರಬೇಕು. ಮುಂದಿನ ಡಿಸೆಂಬರ್ 3ರವರೆಗೆ ಕಾಯಬೇಡಿ. ಹಣ್ಣಿನ ಬುಟ್ಟಿಯನ್ನೂ ಒಯ್ಯಬೇಡಿ. ನಿಮ್ಮ ಮಕ್ಕಳನ್ನು ಕರೆದುಕೊಂಡು ಆ ಮನೆಗೆ ಹೋಗಿ, ತಾಯಿಯ ಅನುಮತಿ ಪಡೆದು, ಆ ಮುಖದೊಡೆಯನನ್ನು ಹೆಸರು ಹಿಡಿದು ಆಟಕ್ಕೆ ಕರೆಯಿರಿ. ಮರುವಾರವೂ ಹೋಗಿರಿ. ಅದರ ಮರುವಾರವೂ ಹೋಗಿರಿ.