ಓವನ್ ಇಲ್ಲವೆಂದು ನಾಚುವುದೇಕೆ?

ನಮ್ಮ ಯಲಬುರ್ಗಾದಂಥ ಊರುಗಳ ಹೆಣ್ಣುಮಕ್ಕಳಿಗೂ ಈಚೆಗೆ ಒಂದು ಹೊಸ ಕೊರಗು ಅಂಟಿಕೊಂಡಿದೆ. ಅದರ ಹೆಸರು ಓವನ್. ಟೀವಿಯಲ್ಲೋ ಮೊಬೈಲಿನಲ್ಲೋ ವಾರಪತ್ರಿಕೆಯ ಅಡಿಗೆ ಪುಟದಲ್ಲೋ ‘ಆಪಲ್ ಕ್ರಂಬಲ್’ ಎಂಬ ಸಿಹಿ ಕಣ್ಣಿಗೆ ಬೀಳುತ್ತದೆ. ಹಣ್ಣಿನ ಹೋಳುಗಳ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಬೆರಳಲ್ಲಿ ಉಜ್ಜಿ ಮಾಡಿದ ಪುಡಿಯನ್ನು ಉದುರಿಸಿ, ಮೇಲ್ಭಾಗ ಕೆಂಪಗಾಗುವವರೆಗೆ ಬೇಯಿಸಿ, ಬಿಸಿಬಿಸಿ ತಿನ್ನುವ ಪದಾರ್ಥ. ಇದರಲ್ಲಿ ಕಷ್ಟವಾದದ್ದು ಏನೂ ಇಲ್ಲ. ಆದರೆ ಮೊದಲ ಸಾಲೇ ನಮ್ಮ ಮುಖಕ್ಕೆ ಬಾಗಿಲು ಹಾಕುತ್ತದೆ: ‘ಓವನ್ನನ್ನು 180 ಡಿಗ್ರಿಗೆ ಕಾಯಿಸಿಟ್ಟುಕೊಳ್ಳಿ.’ ಅದರ ಕೆಳಗೆ ಹಸಿರು ಸೇಬು, ಉಪ್ಪಿಲ್ಲದ ಬೆಣ್ಣೆ, ಓಟ್ಸ್. ಓದಿದವಳು ಪುಸ್ತಕ ಮಡಚಿಟ್ಟು ನಿಟ್ಟುಸಿರು ಬಿಡುತ್ತಾಳೆ. “ನಮ್ಮ ಮನ್ಯಾಗ ಇವೆಲ್ಲಾ ಎಲ್ಲಿ ಆಗ್ತಾವರಿ ಅಕ್ಕಾರ, ಓವನ್ ಇದ್ದವ್ರು ಮಾಡ್ಕೋತಾರ” ಎನ್ನುತ್ತಾಳೆ.

ಈ ನಿಟ್ಟುಸಿರಿನ ಮೇಲೆಯೇ ನನ್ನ ಸಿಟ್ಟು. ಓವನ್ ಕೊಳ್ಳುವವರು ಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಡಬ್ಬಿ ಇಲ್ಲದ್ದಕ್ಕೆ ತನ್ನ ಅಡಿಗೆಮನೆಯೇ ಕೀಳು ಎಂದು ಹೆಣ್ಣುಮಗಳೊಬ್ಬಳು ತಿಳಿಯುವುದು ಬೇರೆ ಮಾತು.

ಮೊದಲು ಈ ಕ್ರಂಬಲ್ಲಿನ ಕುಲಗೋತ್ರ ವಿಚಾರಿಸೋಣ. ಇದು ಸಿರಿವಂತರ ಮೇಜಿನ ತಿಂಡಿಯಲ್ಲ. ಇಂಗ್ಲೆಂಡಿನಲ್ಲಿ ಇದು ಮನೆಮಾತಾದದ್ದು ಎರಡನೆಯ ಮಹಾಯುದ್ಧದ ಬರಗಾಲದಲ್ಲಿ ಎನ್ನುತ್ತಾರೆ. 1940ರ ಜನವರಿಯಲ್ಲಿ ಅಲ್ಲಿ ಬೆಣ್ಣೆ, ಸಕ್ಕರೆಗಳಿಗೆ ರೇಷನ್ ಬಂತು. ತಲೆಗೆ ವಾರಕ್ಕೆ 4 ಔನ್ಸ್ ಬೆಣ್ಣೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 113 ಗ್ರಾಂ. ಮುಂದೆ ಅದೂ ಕಡಿಮೆಯಾಯಿತು. ರೇಷನ್ ಪದ್ಧತಿ ಪೂರ್ತಿ ಮುಗಿದದ್ದು 1954ರಲ್ಲಿ. ಹಣ್ಣಿನ ಸುತ್ತ ಕಣಕದ ಹೊದಿಕೆ ಹಾಕಿ ‘ಪೈ’ ಮಾಡುವಷ್ಟು ಕೊಬ್ಬು ಆ ಹೆಂಗಸರ ಕೈಯಲ್ಲಿರಲಿಲ್ಲ. ಇದ್ದಷ್ಟು ಬೆಣ್ಣೆಯನ್ನೋ ಮಾರ್ಗರೀನನ್ನೋ ಹಿಟ್ಟಿಗೆ ಉಜ್ಜಿ ಪುಡಿ ಮಾಡಿ ಹಣ್ಣಿನ ಮೇಲೆ ಉದುರಿಸಿದರು. ಇದ್ದುದರಲ್ಲೇ ಮಕ್ಕಳ ಬಾಯಿ ಸಿಹಿ ಮಾಡಿದ ತಾಯಂದಿರ ಜಾಣತನ ಅದು. ಅಂಥ ಬಡತನದ ತಿಂಡಿಯನ್ನು ದೊಡ್ಡಸ್ತಿಕೆಯ ಗುರುತು ಮಾಡಿ ನಮ್ಮ ಮುಂದೆ ಮೆರೆಸುತ್ತಾರೆ, ನಾವು ಕೈಕಟ್ಟಿ ನೋಡುತ್ತೇವೆ!

ಇನ್ನು ನಮ್ಮ ಮನೆಗೆ ಬನ್ನಿ. ಗೋಧಿಯನ್ನು ಗಿರಣಿಯಲ್ಲಿ ತರಿತರಿಯಾಗಿ ಬೀಸಿಸಿ, ಗಟ್ಟಿಯಾಗಿ ನಾದಿ, ದಪ್ಪ ರೊಟ್ಟಿ ಮಾಡಿ ಹಂಚಿನ ಮೇಲೆ ಸುಟ್ಟು, ಅದನ್ನು ಮುರಿದು ಕುಟ್ಟಿ ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಒಣಶುಂಠಿ, ಗಸಗಸಿ, ಪುಟಾಣಿ, ಒಣಕೊಬ್ಬರಿ ಬೆರೆಸಿ, ಮೇಲೆ ತುಪ್ಪ ಬಿಟ್ಟು ಬಿಸಿ ಹಾಲು ಹಾಕಿಕೊಂಡು ತಿನ್ನುವುದಕ್ಕೆ ಏನೆನ್ನುತ್ತೇವೆ? ಮಾದಲಿ. ಇಂಗ್ಲಿಷಿನ ಕ್ರಂಬಲ್ ಎಂಬ ಮಾತಿಗೆ ಪುಡಿಪುಡಿಯಾಗು ಎಂದೇ ಅರ್ಥ. ಮೊಹರಮ್ಮಿನಲ್ಲಿ ನಮ್ಮ ಊರುಗಳ ಮುಸಲ್ಮಾನರ ಮನೆಗಳಲ್ಲಿ ಚೊಂಗೆಯ ಜೊತೆ ಮಲೀದ ಮಾಡುತ್ತಾರೆ. ಆ ಪಾರಸಿ ಮಾತಿನ ಅರ್ಥವೂ ಉಜ್ಜಿದ್ದು, ಹಿಸುಕಿದ್ದು ಎಂದೇ. ಮೂರು ನಾಡಿನ ಹೆಂಗಸರು ಮೂರು ಭಾಷೆಯಲ್ಲಿ ಒಂದೇ ಕೆಲಸ ಮಾಡಿದ್ದಾರೆ: ಹಿಟ್ಟನ್ನು ಕೊಬ್ಬಿನೊಡನೆ, ಸಿಹಿಯೊಡನೆ ಬೆರಳಿನಿಂದ ಪುಡಿಗೂಡಿಸಿದ್ದಾರೆ. ಅವರಲ್ಲಿ ಒಬ್ಬಳದ್ದು ಮಾತ್ರ ‘ಡೆಸರ್ಟ್’, ಉಳಿದಿಬ್ಬರದು ಹಳ್ಳಿಯ ಪದಾರ್ಥ ಎನ್ನುವ ನ್ಯಾಯ ಯಾವುದು?

ಮಾದಲಿ ಸಣ್ಣ ಪದಾರ್ಥವಲ್ಲ. ಜನವರಿಯ ಹೊತ್ತಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಜಿಲ್ಲೆಯ ಹಳ್ಳಿಹಳ್ಳಿಗಳಿಂದ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿಯೂ ಮಾದಲಿಯೂ ಬರುವುದನ್ನು ಕಣ್ಣಾರೆ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಲಕ್ಷಗಟ್ಟಲೆ ಜನ ಉಣ್ಣುವ ಆ ಸಿಹಿ ಯಾವ ಕಾರ್ಖಾನೆಯಲ್ಲೂ ತಯಾರಾದದ್ದಲ್ಲ. ಓಣಿಯ ಹೆಂಗಸರು ಒಟ್ಟಾಗಿ ಕೂತು ಹಂಚಿನ ಮೇಲೆ ಸುಟ್ಟು ಕುಟ್ಟಿದ್ದು. ಆ ಕೈಗಳಿಗೆ ‘ನಿಮಗೆ ಕ್ರಂಬಲ್ ಬರುವುದಿಲ್ಲ’ ಎಂದು ಹೇಳುವ ಧೈರ್ಯ ಯಾರಿಗಿದೆ?

ಹಣ್ಣಿನ ವಿಚಾರ ಇನ್ನೂ ವಿಚಿತ್ರ. ತುಂಗಭದ್ರೆಯ ಕಾಲುವೆ ಗಂಗಾವತಿಗೆ ಭತ್ತ ಕೊಟ್ಟಿತು. ಯಲಬುರ್ಗಾ, ಕುಷ್ಟಗಿಗಳ ಒಣಭೂಮಿ ಮಾತ್ರ ಮಳೆಯ ದಾರಿ ಕಾಯುತ್ತ, ಬಾವಿ, ಬೋರಿನ ನೀರು ನಂಬಿ ಹಣ್ಣಿನ ತೋಟ ಮಾಡಿತು. ಇಲ್ಲಿನ ದಾಳಿಂಬೆ ದೂರದ ಪೇಟೆಗಳಿಗೆ ಹೋಯಿತು. ದುಂಡಾಣು ಅಂಗಮಾರಿ ರೋಗ ಬಂದು ಎಷ್ಟೋ ತೋಟಗಳನ್ನು ಹಾಳು ಮಾಡಿದ್ದನ್ನೂ ಕಂಡೆವು. ಈಗೀಗ ಕೊಪ್ಪಳದ ಕೇಸರ್ ಮಾವಿಗೆ ಹೆಸರು ಬಂದಿದೆ. ಬೇಸಿಗೆಯಲ್ಲಿ ತೋಟಗಾರಿಕೆ ಇಲಾಖೆ ಮಾವಿನ ಮೇಳ ನಡೆಸುತ್ತದೆ. ಪೇರಲ, ಪಪ್ಪಾಯಿ, ಸೀತಾಫಲ, ಬಾರಿಹಣ್ಣುಗಳಂತೂ ಸಂತೆಯ ಮೂಲೆಯಲ್ಲಿ ಗೋಣಿಯ ಮೇಲೆ ಬಿದ್ದಿರುತ್ತವೆ. ಇಷ್ಟೆಲ್ಲ ಬಿಟ್ಟು ನಾವು ಕಾಶ್ಮೀರದಿಂದಲೋ ಹಿಮಾಚಲದಿಂದಲೋ ಲಾರಿ ಹತ್ತಿ ಬಂದ ಸೇಬನ್ನು ಎಣಿಸಿ ಕೊಳ್ಳುತ್ತೇವೆ. ಒಂದು ಮಗ್ಗಲು ಮೆತ್ತಗಾದ ಪೇರಲವನ್ನು ತಿಪ್ಪೆಗೆ ಹಾಕುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಹಣ್ಣಿಗೂ ಸಲ್ಲುತ್ತದೆ. ಕ್ರಂಬಲ್ ಹುಟ್ಟಿದ್ದೇ ಹೀಗೆ ಬಿದ್ದ ಹಣ್ಣು, ಪೆಟ್ಟಾದ ಹಣ್ಣುಗಳಿಗೆ ಒಂದು ಗತಿ ಕಾಣಿಸಲು ಹೇಳಿಮಾಡಿಸಿದಂತೆ. ಹಾಳಾದ ಭಾಗ ಕತ್ತರಿಸಿ ತೆಗೆದರೆ ಉಳಿದದ್ದೆಲ್ಲ ಬೇಯಿಸಲು ಯೋಗ್ಯ.

ಹಾಗಾದರೆ ಓವನ್ ಇಲ್ಲದೆ ಹೇಗೆ? ಓವನ್ ಮಾಡುವುದಾದರೂ ಏನು? ಸುತ್ತಲಿನಿಂದ ಒಣ ಕಾವು ಕೊಡುತ್ತದೆ. ಕೆಳಗೆ ಹಣ್ಣು ತನ್ನ ರಸದಲ್ಲೇ ಬೇಯುತ್ತದೆ, ಮೇಲೆ ಪುಡಿ ಒಣಗಿ ಕೆಂಪಗಾಗುತ್ತದೆ. ಈ ಎರಡು ಕೆಲಸಗಳನ್ನು ಒಂದೇ ಪಾತ್ರೆಯಲ್ಲಿ, ಒಂದೇ ಸಲಕ್ಕೆ ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಬೇರೆ ಬೇರೆ ಮಾಡಿ ಕೊನೆಗೆ ಕೂಡಿಸಿದರಾಯಿತು.

ಒಂದು ಬಟ್ಟಲು ತರಿ ಗೋಧಿಹಿಟ್ಟಿಗೆ ನಾಲ್ಕು ದೊಡ್ಡ ಚಮಚ ಗಟ್ಟಿ ತುಪ್ಪ ಹಾಕಿ ಬೆರಳ ತುದಿಯಿಂದ ಉಜ್ಜಿರಿ. ನೀರು ಒಂದು ಹನಿಯೂ ಬೇಡ. ತುಪ್ಪ ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ಹಿಟ್ಟು ಜಿಗುಟಾಗುವುದಿಲ್ಲ, ಉದುರುದುರಾಗಿ ಉಳಿಯುತ್ತದೆ. ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ತುಪ್ಪದಲ್ಲಿ ಇಲ್ಲ. ಆದ್ದರಿಂದ ಅವರು 100 ಗ್ರಾಂ ಬೆಣ್ಣೆ ಅಂದಲ್ಲಿ ನಮಗೆ 80 ಗ್ರಾಂ ತುಪ್ಪ ಸಾಕು. ಈ ಪುಡಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಿರಿ. ಘಮ ಬಂದು ಬಣ್ಣ ತಿರುಗಿದಾಗ ಇಳಿಸಿ, ತುಸು ಆರಿದ ಮೇಲೆ ಎರಡು ಚಮಚ ಸಕ್ಕರೆ, ಏಲಕ್ಕಿ, ಒಣಶುಂಠಿ ಬೆರೆಸಿರಿ. ಬೆಲ್ಲವನ್ನು ಪುಡಿಗೆ ಹಾಕಬೇಡಿ, ಅದರ ಪಸೆಗೆ ಪುಡಿ ಮುದ್ದೆಯಾಗುತ್ತದೆ. ಬೆಲ್ಲದ ಜಾಗ ಕೆಳಗೆ, ಹಣ್ಣಿನ ಬೋಗುಣಿಯಲ್ಲಿ. ಅರ್ಧ ಕಿಲೋ ಪೇರಲದ ಬೀಜ ತೆಗೆದು ಹೋಳು ಮಾಡಿ, ಸ್ವಲ್ಪ ಬೆಲ್ಲ, ಚಿಟಿಕೆ ಉಪ್ಪು, ನಿಂಬೆರಸ ಹಾಕಿ ಮುಚ್ಚಿ ಬೇಯಿಸಿರಿ. ಪೇರಲದ ರಸ ತಾನಾಗಿ ಗಟ್ಟಿಯಾಗುತ್ತದೆ. ಮಾವಾದರೆ ಪೂರ್ತಿ ಕಳಿತದ್ದು ಬೇಡ, ದೋರೆಗಾಯಿಯಾಗಿರಲಿ, ಇಲ್ಲವಾದರೆ ಸೀಕರಣಿಯಾಗಿಬಿಡುತ್ತದೆ. ದಾಳಿಂಬೆಯನ್ನು ಬೇಯಿಸಬೇಡಿ, ಬೀಜ ಹಲ್ಲಿಗೆ ಸಿಗುತ್ತದೆ. ಬಡಿಸುವಾಗ ಮೇಲೆ ನಾಲ್ಕು ಕಾಳು ಉದುರಿಸಿದರೆ ಸಾಕು. ಬಿಸಿ ಹಣ್ಣು ಬಟ್ಟಲಿಗೆ, ಅದರ ಮೇಲೆ ಪುಡಿ. ಮುಗಿಯಿತು. ಬೆಲ್ಲ ಬೆರೆಸುವ ಮೊದಲು ಮಾದಲಿಯ ಪುಡಿಯನ್ನೇ ಒಂದಿಷ್ಟು ತೆಗೆದಿಟ್ಟುಕೊಂಡರೆ ಇನ್ನೂ ಸುಲಭ: ತುಪ್ಪದಲ್ಲಿ ಹುರಿದು ಉದುರಿಸಿದರಾಯಿತು.

ಒಟ್ಟಿಗೇ ಬೇಯಬೇಕು ಎಂದು ಹಟ ಹಿಡಿಯುವವರಿಗೂ ದಾರಿ ಇದೆ. ಹಳೆಯ ಕುಕ್ಕರಿನಲ್ಲಿ ಎರಡು ಬೆರಳಷ್ಟು ಉಸುಕು ಹಾಕಿ, ಗ್ಯಾಸ್ಕೆಟ್, ಸೀಟಿ ತೆಗೆದಿಟ್ಟು ಕಾಯಿಸಿ ಅದರಲ್ಲಿ ಕೇಕು ಮಾಡಿದ ಹೆಂಗಸರ ಒಂದು ಪೀಳಿಗೆಯೇ ನಮ್ಮಲ್ಲಿದೆ. ಮೇಲ್ಭಾಗ ಅಷ್ಟು ಕೆಂಪಗಾಗುವುದಿಲ್ಲ, ನಿಜ. ಪುಡಿಯನ್ನು ಮೊದಲೇ ಹುರಿದಿದ್ದರೆ ಆ ಕೊರತೆಯೂ ತೀರುತ್ತದೆ. ಓವನ್ನಿನಲ್ಲಾದರೂ 1500 ವ್ಯಾಟಿನ ಡಬ್ಬಿಯನ್ನು 40 ನಿಮಿಷ ಉರಿಸಿದರೆ ಒಂದು ಯೂನಿಟ್ ಕರೆಂಟು ಹೋಗುತ್ತದೆ. ದುಡ್ಡಿನ ಮಾತು ಬಿಡಿ, ನಡುವೆ ಕರೆಂಟು ಹೋದರೆ ಆ 180 ಡಿಗ್ರಿ ಯಾರ ಮನೆಗೆ ಹೋಗುತ್ತದೆ? ಹಂಚಿಗೆ ಆ ಚಿಂತೆ ಇಲ್ಲ.

ಇಷ್ಟು ಹೇಳಿದೊಡನೆ ಇನ್ನೊಂದು ಕಡೆಯವರಿಗೆ ಖುಷಿಯಾಗಬಹುದು. “ಅದಕ್ಕ ಹೇಳ್ತೀವಿ, ನಮ್ಮ ಮಾದಲಿ ಮುಂದ ಈ ಇಂಗ್ಲಿಷ್ ಭಾನಗಡಿ ಯಾಕ? ಹಣ್ಣು ಬೇಯಿಸಿ ತಿನ್ನೋದು ನಮ್ಮ ಪದ್ಧತಿ ಅಲ್ಲ” ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರ ಜೊತೆಗೂ ನಾನಿಲ್ಲ. ಜಾತ್ರೆಯಲ್ಲಿ ನಾವು ಬಾಯಿ ಚಪ್ಪರಿಸಿ ತಿನ್ನುವ ಮಿರ್ಚಿಯ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ನಮ್ಮದೆಂದುಕೊಂಡ ಪೇರಲ, ಪಪ್ಪಾಯಿಗಳೂ ಅಲ್ಲಿಂದಲೇ ಬಂದವು. ಬೇಕರಿಯ ದಿಲ್‌ಪಸಂದಿನಲ್ಲಿ ಮಿನುಗುವ ಕೆಂಪು ಹಸಿರು ಟೂಟಿಫ್ರೂಟಿ ಮತ್ತೇನೂ ಅಲ್ಲ, ಸಕ್ಕರೆಪಾಕದಲ್ಲಿ ಬೆಂದ ಪಪ್ಪಾಯಿಕಾಯಿ. ಬಾಳೆಹಣ್ಣು ಹಾಕಿದ ಶಿರಾ ದೇವರಿಗೆ ಆಗುತ್ತದೆ, ಸೊಸೆ ಪೇರಲ ಬೇಯಿಸಿದರೆ ಆಗುವುದಿಲ್ಲವೆ? ಊಟ ತನ್ನಿಚ್ಛೆ ಎಂದು ಗಾದೆ ಮಾಡಿದವರೇ ನಾವು. ಆ ಇಚ್ಛೆ ಅಡಿಗೆ ಮಾಡುವವಳಿಗೂ ಇರಬೇಕಲ್ಲ! ಪದ್ಧತಿ ಎನ್ನುವುದು ಹೊಸ ರುಚಿಗೆ ಅಡ್ಡ ನಿಲ್ಲುವ ಕೋಲಾದರೆ, ನಾಳೆ ಅದೇ ಸೊಸೆ ಮಾದಲಿಯನ್ನೂ ಬಿಟ್ಟು ಪ್ಯಾಕೆಟ್ಟಿನ ಸಿಹಿ ತಂದಿಡುತ್ತಾಳೆ.

ಬೆಲ್ಲ ಹಾಕಿದ್ದರಿಂದ ಇದು ಔಷಧಿಯಾಯಿತು ಎಂದು ಯಾರೂ ಹೇಳಬೇಡಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಿಹಿಯೇ. ಸಿಹಿಯನ್ನು ಸಿಹಿ ಎಂದೇ ತಿಳಿದು ಒಂದು ಬಟ್ಟಲು ತಿನ್ನುವುದು ಪ್ರಾಮಾಣಿಕ ದಾರಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಸಿಹಿಗೆ ಒಂದು ಗುಣವಿದೆ: ಇದು ಕಾಯುವುದಿಲ್ಲ. ಬಿಸಿ ಹಣ್ಣಿನ ರಸ ಮೇಲೇರುತ್ತ ಹೋಗಿ ಅರ್ಧ ತಾಸಿನಲ್ಲಿ ಗರಿಗರಿ ಪುಡಿ ಮೆತ್ತಗಾಗುತ್ತದೆ. ಬಿಸಿ ಹಾಲು ಬಿದ್ದ ಮಾದಲಿಯೂ ಹಾಗೆಯೇ. ನಮ್ಮ ಮನೆಗಳ ರೀತಿ ಹೇಗಿದೆ? ಮೊದಲು ಗಂಡಸರು, ಆಮೇಲೆ ಮಕ್ಕಳು, ಬಂದವರು ಹೋದವರು. ಹಿಟ್ಟು ಉಜ್ಜಿ ಬೆರಳು ನೋಯಿಸಿಕೊಂಡವಳು ಕಟ್ಟಕಡೆಗೆ, ಬೋಗುಣಿಯ ತಳದಲ್ಲಿ ಉಳಿದ ತಣ್ಣನೆಯ ಮುದ್ದೆಯನ್ನು ನಿಂತೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ‘ಛಂದ ಆಗೇತಿ’ ಎಂದು ಎಲ್ಲರೂ ಹೊಗಳಿರುತ್ತಾರೆ. ಹೇಗಾಗಿತ್ತೆಂದು ಅವಳೊಬ್ಬಳಿಗೇ ಗೊತ್ತಿರುವುದಿಲ್ಲ. ಓವನ್ ಇರುವ ಮನೆಯಲ್ಲೂ ಇದೇ ಕಥೆ. ಹತ್ತು ಸಾವಿರದ ಡಬ್ಬಿ ಬಂದರೂ ಅವಳ ಬಟ್ಟಲಿಗೆ ಬಿಸಿ ಬರುವುದಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ನಮ್ಮ ಮನೆಗಳಲ್ಲಿ ಕೊರತೆಯಾಗಿರುವುದು ಓವನ್ ಅಲ್ಲ, ಮಾಡಿದವಳಿಗೆ ಒಂದು ಬಿಸಿ ತುತ್ತು. ಅದನ್ನು ಯಾವ ಅಂಗಡಿಯೂ ಕಂತಿನ ಮೇಲೆ ಕೊಡುವುದಿಲ್ಲ, ನಾವೇ ತೆಗೆದುಕೊಳ್ಳಬೇಕು. ಈ ವಾರ ಸಂತೆಯಿಂದ ಒಂದು ಕಿಲೋ ಪೇರಲ ತನ್ನಿ. ಹಂಚು, ಬಾಣಲೆ ಇದ್ದೇ ಇವೆ. ಹಣ್ಣು ಬೆಂದು ಪುಡಿ ಉದುರಿಸುವ ಹೊತ್ತಿಗೆ ಮನೆಯವರನ್ನೆಲ್ಲ ಒಟ್ಟಿಗೆ ಕೂಡ್ರಿಸಿ, “ಬರ್ರಿ, ಆರಿದ್ರ ಛಲೋ ಆಗಂಗಿಲ್ಲ” ಎಂದು ಹೇಳಿ. ಆ ಸಾಲಿನಲ್ಲಿ ನಿಮಗೂ ಒಂದು ಮಣೆ ಹಾಕಿಕೊಳ್ಳಿ. ಅದಕ್ಕೆ ಕ್ರಂಬಲ್ ಎನ್ನಿ, ಪೇರಲದ ಮಾದಲಿ ಎನ್ನಿ, ಹೆಸರು ನಿಮ್ಮ ಖುಷಿ.