ಬರಲಿ, ದಯಮಾಡಿಸಲಿ!

ಗುಮಾಸ್ತರಾದ ನಮಗೆ ಆಜ್ಞೆಗಳು ಹೊಸವಲ್ಲ. ‘ಕೂಡಲೇ ಕಳುಹಿಸತಕ್ಕದ್ದು’ ಎಂಬ ಕಾಗದಗಳ ನಡುವೆಯೇ ನಮ್ಮ ಹಗಲು ಕಳೆಯುತ್ತದೆ. ಅದಕ್ಕೇ ಏನೋ, ಸ್ಪಾನಿಷ್ ಭಾಷೆಯವರು ಹಿರಿಯರಿಗೆ ಆಜ್ಞೆ ಮಾಡುವ ರೀತಿ ನಮಗೆ ಬಹಳ ಹಿಡಿಸಿತು.

ಆ ಭಾಷೆಯಲ್ಲಿ ಸಲಿಗೆಯವರಿಗೆ ‘ತೂ’, ಎಂದರೆ ನೀನು. ಹಿರಿಯರಿಗೂ ಅಪರಿಚಿತರಿಗೂ ‘ಉಸ್ತೆದ್’, ಎಂದರೆ ತಾವು. ಈ ಉಸ್ತೆದ್ ಹುಟ್ಟಿದ್ದು ‘ಬುಯೆಸ್ತ್ರಾ ಮೆರ್ಸೆದ್’ ಎಂಬ ಹಳೆಯ ಮಾತಿನಿಂದ. ‘ತಮ್ಮ ಕೃಪೆ’ ಎಂದು ಅದರ ಅರ್ಥ. ಕೃಪೆಗೆ ‘ಬಾ’ ಎನ್ನಲಾದೀತೆ? ‘ಬರಲಿ’ ಎಂದು ಹಾರೈಸಬೇಕಷ್ಟೆ. ಆದ್ದರಿಂದ ಗೆಳೆಯನಿಗೆ ‘ಬೆನ್’, ಬಾ. ಹಿರಿಯರಿಗೆ ‘ಬೆಂಗಾ’, ಬರಲಿ. ‘ತಾವು ಬರಲೆಂದು ನನ್ನ ಆಸೆ’ ಎನ್ನುವಾಗಲೂ ಇದೇ ರೂಪ: ‘ಕಿಯೆರೊ ಕೆ ಉಸ್ತೆದ್ ಬೆಂಗಾ’. ಆಸೆ, ಸಂದೇಹ, ಹಾರೈಕೆಗಳಿಗೆಲ್ಲ ಸಲ್ಲುವ ಈ ರೂಪವನ್ನು ಇಂಗ್ಲಿಷ್ ವ್ಯಾಕರಣದವರು ಸಬ್‌ಜಂಕ್ಟಿವ್ ಎನ್ನುತ್ತಾರೆ. ಜನರು ಜಯಕಾರ ಹಾಕುವ ‘ಬೀಬಾ!’ ಕೂಡ ಇದೇ: ಬಾಳಲಿ!

ಈ ರೂಪವನ್ನು ಕಟ್ಟುವುದು ಕಷ್ಟವಲ್ಲ. ‘ನಾನು’ ಎಂಬುದಕ್ಕೆ ಹೊಂದುವ ಕ್ರಿಯಾಪದವನ್ನು ತೆಗೆದುಕೊಂಡು ತುದಿಯ ‘ಒ’ಕಾರ ಬಿಡಬೇಕು. ಧಾತು ‘ಆರ್’ ಎಂದು ಮುಗಿದರೆ ‘ಎ’, ‘ಎರ್’ ಅಥವಾ ‘ಇರ್’ ಎಂದು ಮುಗಿದರೆ ‘ಆ’ ಸೇರಿಸಬೇಕು. ಆಬ್ಲಾರ್ ಎಂದರೆ ಮಾತಾಡುವುದು. ಅದು ಆಬ್ಲೊ, ಆಬ್ಲೆ ಎಂದಾಗುತ್ತದೆ. ಕೊಮೆರ್ ಎಂದರೆ ಉಣ್ಣುವುದು. ಅದು ಕೋಮೊ, ಕೋಮಾ. ‘ಬರುತ್ತೇನೆ’ ಎಂಬ ಬೆಂಗೊ ಬೆಂಗಾ ಆದದ್ದೂ ಹೀಗೆಯೇ. ಹಲವರಿಗೆ ಹೇಳುವಾಗ ಕೊನೆಗೊಂದು ‘ನ್’ ಸೇರುತ್ತದೆ: ಆಬ್ಲೆನ್, ಕೋಮಾನ್. ನಿಯಮ ಮೀರುವ ಕೆಲವೂ ಉಂಟು. ಹೋಗುವುದಕ್ಕೆ ‘ಇರ್’, ‘ತಾವು ಹೋಗಿ’ ಎನ್ನಲು ‘ಬಾಯಾ’! ‘ಆಬ್ಲಾ’ ಎಂದರೆ ಮಾತಾಡು, ‘ಆಬ್ಲೆ’ ಎಂದರೆ ಮಾತಾಡಿ. ಮರ್ಯಾದೆಯೆಲ್ಲ ಒಂದೇ ಸ್ವರದಲ್ಲಿ!

ನಮಗಿದು ಅಪರಿಚಿತವೆ? ಬಾಗಿಲಿಗೆ ಬಂದ ಹಿರಿಯರನ್ನು ‘ಬರಲಿ, ಬರಲಿ, ದಯಮಾಡಿಸಲಿ’ ಎಂದು ಎದುರುಗೊಂಡವರು ನಾವು. ಆದರೆ ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಎಲ್ಲರಿಗೂ ಒಂದೇ ‘ಕಮ್’ ಕಲಿತು, ಊರಿನಿಂದ ಬಂದ ನೆಂಟರಿಗೂ ‘ಬಾ, ಕೂತ್ಕೋ’ ಎಂದುಬಿಡುತ್ತಾರೆ. ಅದು ಉದ್ಧಟತನವಲ್ಲ, ಬೇರೆ ರೂಪ ಅವರ ಕಿವಿಗೆ ಬಿದ್ದಿಲ್ಲ, ಅಷ್ಟೆ. ಗದರಿಸಿ ಫಲವಿಲ್ಲ. ಬಾ, ಬನ್ನಿ, ಬರಲಿ, ದಯಮಾಡಿಸಿ, ಈ ನಾಲ್ಕನ್ನೂ ಮನೆಯಲ್ಲಿ ನಾವೇ ಆಡುತ್ತಿರೋಣ. ನಾಳೆ ಅವರು ಮ್ಯಾಡ್ರಿಡ್ಡಿಗೇ ಹೋದರೂ ಬೆನ್, ಬೆಂಗಾಗಳ ಭೇದವನ್ನು ಯಾರೂ ಹೇಳಿಕೊಡಬೇಕಾಗಿ ಬರದಿರಲಿ!