ಮುಖಲೇಪನ: ಮೈಬಣ್ಣಕ್ಕೆ ಮೈಯೇ ಮಾದರಿ

ಅಲಂಕಾರವು ಗೃಹಸ್ಥಜೀವನಕ್ಕೆ ಹೊರತಾದುದಲ್ಲ. ಹಬ್ಬ ಹುಣ್ಣಿಮೆಗಳಲ್ಲಿ, ಮದುವೆ ಮುಂಜಿಗಳಲ್ಲಿ ಮುಖವನ್ನು ತಿದ್ದಿ ತೀಡಿಕೊಂಡು ಹೊರಡುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದಿರುವ ಪದ್ಧತಿ. ಅರಿಸಿನ, ಗಂಧ, ಕಾಡಿಗೆ, ಕುಂಕುಮಗಳ ಸಾಲಿಗೆ ಸ್ನೋ ಪೌಡರುಗಳು ಸೇರಿ ಬಹುಕಾಲವಾಯಿತು. ಈಗ ಅವುಗಳೊಡನೆ ಫೌಂಡೇಶನ್ ಎಂಬ ಲೇಪವೂ ಬಂದಿದೆ. ಮಿಕ್ಕ ಬಣ್ಣಗಳಿಗೆ ತಳಹದಿಯಾಗಿ ಮೊದಲು ಹಚ್ಚತಕ್ಕದ್ದಾದುದರಿಂದ ಅದಕ್ಕೆ ಈ ಹೆಸರು. ಹನೂರಿನ ಮದುವೆಮನೆಗಳಲ್ಲಿಯೂ ಇಂದು ಅದರ ಬಳಕೆ ಅಪರೂಪವಲ್ಲ. ಆದುದರಿಂದ ಅದನ್ನು ಹಚ್ಚುವ ಕ್ರಮವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳುವುದು ಉಚಿತವೆಂದು ತೋರುತ್ತದೆ.

ಮೊದಲು ತಿಳಿಯಬೇಕಾದುದು ಈ ಲೇಪದ ಉದ್ದೇಶ. ಕಣ್ಣಿನ ಕೆಳಗಿನ ಕಪ್ಪು, ಮೊಡವೆಯ ಕಲೆ, ಬಿಸಿಲಿನಿಂದಾದ ಮಚ್ಚೆ ಇವುಗಳನ್ನು ಮರೆಮಾಡಿ ಮುಖದ ಬಣ್ಣವನ್ನು ಒಂದೇ ಸಮನಾಗಿ ಕಾಣಿಸುವುದಷ್ಟೇ ಅದರ ಕೆಲಸ. ಕಪ್ಪಗಿರುವವರನ್ನು ಬೆಳ್ಳಗೆ ಮಾಡುವುದು ಅದರ ಕೆಲಸವಲ್ಲ. ಹಾಗೆ ಮಾಡಹೊರಟಾಗಲೇ ಮುಖವು ಬೂದಿ ಬಳಿದಂತೆ ಕಾಣುವುದು. ಮಲೆಯ ಮಹದೇಶ್ವರನ ಸೀಮೆಯವರಾದ ನಮಗೆ ವಿಭೂತಿಯ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ಆದರೆ ಹಣೆಯಲ್ಲಿ ಶೋಭಿಸುವ ಆ ಬಿಳುಪು ಕೆನ್ನೆ ಗಲ್ಲಗಳ ಮೇಲೆಲ್ಲ ಹರಡಿದಂತಿದ್ದರೆ ಅದನ್ನು ಶೃಂಗಾರವೆನ್ನಲಾಗದು.

ಹೀಗೇಕಾಗುತ್ತದೆಂಬುದಕ್ಕೆ ಕಾರಣವುಂಟು. ಈ ಲೇಪಗಳಲ್ಲಿ ಸಾಮಾನ್ಯವಾಗಿ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿಯೂ, ಕಬ್ಬಿಣದ ಆಕ್ಸೈಡುಗಳಾದ ಕೆಂಪು, ಹಳದಿ, ಕಪ್ಪು ಬಣ್ಣಗಳೂ ಬೆರೆತಿರುತ್ತವೆ. ಇವುಗಳ ಪ್ರಮಾಣ ಬದಲಾದಂತೆ ಲೇಪದ ಛಾಯೆಯೂ ಬದಲಾಗುತ್ತದೆ. ತಿಳಿಛಾಯೆಯ ಲೇಪದಲ್ಲಿ ಬಿಳಿಯ ಪಾಲು ಹೆಚ್ಚು. ಶ್ಯಾಮಲವರ್ಣದ ಚರ್ಮದ ಮೇಲೆ ಅದನ್ನು ತೆಳುವಾಗಿ ಹರಡಿದರೆ ಒಳಗಿನ ಕಪ್ಪೂ ಮೇಲಿನ ಬಿಳುಪೂ ಸೇರಿ ಬೂದುಬಣ್ಣವಾಗುತ್ತದೆಯೇ ಹೊರತು ಗೌರವರ್ಣವಾಗುವುದಿಲ್ಲ.

ಹಾಗಾದರೆ ಛಾಯೆಯನ್ನು ಆರಿಸುವುದು ಹೇಗೆ? ಕೊಳ್ಳೇಗಾಲದ ರೇಷ್ಮೆಸೀರೆಯನ್ನು ಕೊಳ್ಳುವಾಗ ನಮ್ಮ ಹೆಂಗಸರು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೀರೆಯನ್ನೂ ರವಿಕೆಯ ಬಟ್ಟೆಯನ್ನೂ ಬಾಗಿಲ ಬಳಿಗೆ ತಂದು, ಹಗಲಿನ ಬೆಳಕಿನಲ್ಲಿ ಒಂದರ ಪಕ್ಕಕ್ಕೊಂದನ್ನು ಹಿಡಿದು ನೋಡುತ್ತಾರೆ. ಬಟ್ಟೆಗೆ ತೋರುವ ಈ ಜಾಣತನವನ್ನು ಮುಖಕ್ಕೂ ತೋರಬೇಕು. ಅಂಗೈಯ ಮೇಲಾಗಲಿ ಮಣಿಕಟ್ಟಿನ ಮೇಲಾಗಲಿ ಹಚ್ಚಿ ನೋಡಿದರೆ ಸಾಲದು. ಅಲ್ಲಿಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ಕೆನ್ನೆಯು ಕತ್ತಿಗೆ ಕೂಡುವ ದವಡೆಯ ಅಂಚಿನಲ್ಲಿ ಎರಡು ಮೂರು ಛಾಯೆಗಳನ್ನು ಗೀಟು ಗೀಟಾಗಿ ಎಳೆದು ಹಗಲುಬೆಳಕಿನಲ್ಲಿ ನೋಡಬೇಕು. ಯಾವ ಗೀಟು ಕಣ್ಣಿಗೆ ಕಾಣದೆ ಮಾಯವಾಗುವುದೋ ಅದೇ ನಿಮ್ಮದು. ಕೆಲವು ಲೇಪಗಳು ಹಚ್ಚಿದ ಮೇಲೆ ತುಸು ಗಾಢವಾಗುವುದರಿಂದ ಹತ್ತು ಹದಿನೈದು ನಿಮಿಷ ತಾಳಿ ತೀರ್ಮಾನಿಸುವುದು ಒಳ್ಳೆಯದು.

ಮದುವೆಯಾಗಲಿರುವ ಹೆಣ್ಣುಮಕ್ಕಳು ಇನ್ನೊಂದನ್ನು ನೆನಪಿನಲ್ಲಿಡಬೇಕು. ಅರಿಸಿನದ ಶಾಸ್ತ್ರವಾದ ಮೇಲೆ ಮುಖದಲ್ಲಿ ಹಳದಿಯ ಛಾಯೆ ಉಳಿದಿರುತ್ತದೆ. ಆ ದಿನ ಬಣ್ಣವನ್ನು ಹೊಂದಿಸಹೋದರೆ ಲೆಕ್ಕ ತಪ್ಪುತ್ತದೆ. ಕೆಲವು ವಾರ ಮುಂಚಿತವಾಗಿಯೇ ಛಾಯೆಯನ್ನು ಗೊತ್ತುಮಾಡಿಕೊಳ್ಳಬೇಕು. ಹೊಸ ಲೇಪವನ್ನು ಕಿವಿಯ ಹಿಂದೆ ಸ್ವಲ್ಪ ಹಚ್ಚಿ, ಒಂದೆರಡು ದಿನ ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮಾತ್ರ ಮುಖಕ್ಕೆ ತರಬೇಕು.

ಇನ್ನು ಹಚ್ಚುವ ಕ್ರಮ. ಮುಖವನ್ನು ತೊಳೆದು ಒರಸಿ, ಚರ್ಮಕ್ಕೆ ಹಿತವಾದ ತೇವಕಾರಕ ಕ್ರೀಮನ್ನು ತೆಳುವಾಗಿ ಹಚ್ಚಿ ಐದು ನಿಮಿಷ ಬಿಡಿ. ಬಟಾಣಿಕಾಳಿನಷ್ಟು ಲೇಪವು ಪ್ರಾರಂಭಕ್ಕೆ ಸಾಕು. ಮೂಗಿನ ಎರಡು ಬದಿ, ಹಣೆಯ ನಡು, ಗಲ್ಲ ಇಲ್ಲಿ ಚುಕ್ಕೆಯಿಟ್ಟು, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒತ್ತಿ ಒತ್ತಿ ಹೊರಗಡೆಗೆ ಹರಡಿ. ಉಜ್ಜಿ ಎಳೆಯಬೇಡಿ. ಚರ್ಮವು ತಾನೇ ಚೆನ್ನಾಗಿರುವ ಎಡೆಗೆ ಲೇಪವೇ ಬೇಡ. ಕಲೆಯಿರುವಲ್ಲಿ ಬೇಕೆನಿಸಿದರೆ ಇನ್ನೊಂದು ತೆಳುಪದರವನ್ನು ಬೆರಳ ತುದಿಯಿಂದ ಒತ್ತಬಹುದು. ದವಡೆಯ ಅಂಚಿನಲ್ಲಿಯೂ ಕೂದಲಿನ ಬುಡದಲ್ಲಿಯೂ ಗೆರೆ ನಿಲ್ಲದಂತೆ ನೋಡಿಕೊಳ್ಳಬೇಕು. ಬೇಸಗೆಯ ಬೆವರಿಗೆ ಹಣೆ, ಮೂಗು, ಗಲ್ಲಗಳ ಮೇಲೆ ಮಾತ್ರ ಸ್ವಲ್ಪ ಪೌಡರು ಸಾಕು. ಬೆವರಿದಾಗ ಮೆತ್ತನೆಯ ಬಟ್ಟೆಯನ್ನು ಒತ್ತಿ ತೆಗೆಯಬೇಕಲ್ಲದೆ ಬೆವರಿನ ಮೇಲೆಯೇ ಪೌಡರನ್ನು ಬಳಿಯಕೂಡದು. ಬಿಳಿಯ ಪೌಡರು ಅತಿಯಾದರೆ ಛಾಯಾಚಿತ್ರದ ಫ್ಲಾಷ್ ಬೆಳಕಿಗೆ ಮುಖವು ಸುಣ್ಣದಂತೆ ತೋರುವುದೂ ಉಂಟು. ಸ್ಪಂಜನ್ನು ಒಬ್ಬರದನ್ನೊಬ್ಬರು ಬಳಸದೆ, ಬಳಸಿದ ಮೇಲೆ ತೊಳೆದು ಒಣಗಿಸಬೇಕು. ರಾತ್ರಿ ಎಷ್ಟೇ ದಣಿವಾಗಿದ್ದರೂ ಲೇಪವನ್ನು ತೆಗೆಯದೆ ಮಲಗಬಾರದು.

ರಂಗಸ್ಥಳದ ಬಣ್ಣಗಾರಿಕೆ ಇದಕ್ಕಿಂತ ಬೇರೆಯೇ ಆದ ವಿದ್ಯೆ. ರಾತ್ರಿಯ ದೀಪದಲ್ಲಿ, ದೂರದಲ್ಲಿ ಕುಳಿತವರಿಗೆ ಕಾಣಲೆಂದು ಹಿಂದಿನ ವೇಷಧಾರಿಗಳು ಅರದಾಳ, ಇಂಗಳೀಕಗಳನ್ನು ಮುಖಕ್ಕೆ ಬಳಿದುಕೊಳ್ಳುತ್ತಿದ್ದರು. ಅರದಾಳದಲ್ಲಿ ಪಾಷಾಣವೂ ಇಂಗಳೀಕದಲ್ಲಿ ಪಾದರಸವೂ ಇರುವುದನ್ನು ತಿಳಿದ ಮೇಲೆ ಅವುಗಳ ಬಳಕೆ ಹಿಂದೆ ಸರಿಯಿತು. ಆದರೆ ಆ ಪಾದರಸವೇ ಬಿಳುಪು ಕೊಡುವುದಾಗಿ ಹೇಳುವ ಕೆಲವು ಮುಲಾಮುಗಳ ಮೂಲಕ ಮನೆಯೊಳಕ್ಕೆ ನುಗ್ಗಿದೆ. ನಮ್ಮ ಜಿಲ್ಲೆಯ ಗಡಿಯಾಚೆಯ ಕೇರಳದಲ್ಲಿ, ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಮೂತ್ರಪಿಂಡದ ಒಂದು ಬಗೆಯ ರೋಗವಿದ್ದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಆ ರೋಗದ ಒಂದು ವಿಶೇಷ ಲಕ್ಷಣ ಕಂಡುಬಂದಿತು. ಆ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಮುಲಾಮನ್ನು ಹಚ್ಚಿಕೊಂಡವರಾಗಿದ್ದರು. ಆದುದರಿಂದ ತಯಾರಕರ ವಿಳಾಸ, ಪರವಾನಗಿಯ ಸಂಖ್ಯೆ, ಒಳಗಿರುವ ವಸ್ತುಗಳ ಪಟ್ಟಿ ಇವು ಅಚ್ಚಾಗಿರದ ಡಬ್ಬಿಯನ್ನು ಎಷ್ಟೇ ಅಗ್ಗವಾಗಿ ಬಂದರೂ ಮನೆಗೆ ತರಕೂಡದು. ಲೇಪವನ್ನು ರಾತ್ರಿ ತೊಳೆದುಬಿಡಬಹುದು. ಮೈಗೆ ಸೇರಿದ ವಿಷವನ್ನು ಹಾಗೆ ತೊಳೆಯಲಾಗದು.

ಕಡೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ. 1975ರಲ್ಲಿ ಪೇಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಹೆಸರಾಂತ ಕ್ರೀಮು 2020ರಲ್ಲಿ ಬಿಳುಪನ್ನು ಸೂಚಿಸುವ ಫೇರ್ ಎಂಬ ಮಾತನ್ನು ಬಿಟ್ಟು ಗ್ಲೋ ಅಂಡ್ ಲವ್ಲಿ ಎಂದಾಯಿತು. ಡಬ್ಬಿಯ ಹೆಸರು ಬದಲಾಯಿತೇ ಹೊರತು ನಡುಮನೆಯ ಮಾತು ಇನ್ನೂ ಪೂರ್ತಿಯಾಗಿ ಬದಲಾಗಿಲ್ಲ. “ಹುಡುಗಿ ಸ್ವಲ್ಪ ಕಪ್ಪು, ಎರಡು ಬಣ್ಣ ಮೇಲಕ್ಕೇ ಹಚ್ಚಿಬಿಡಿ” ಎಂದು ಸಿಂಗರಿಸುವವರಿಗೆ ಹೇಳುವವರು ತಾಯಿಯೋ ಸೋದರತ್ತೆಯೋ ಆಗಿರುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತಾದರೂ ಪಕ್ಕದಲ್ಲಿ ಕುಳಿತ ಹುಡುಗಿ ಅದನ್ನು ಕೇಳುತ್ತಾಳೆ. ಆಕೆಯ ತಂಗಿಯೂ ಕೇಳುತ್ತಾಳೆ. ಧಾರೆಯ ದಿನದ ಚಿತ್ರವು ಆಕೆಯ ಜೀವಮಾನವಿಡೀ ಗೋಡೆಯ ಮೇಲಿರತಕ್ಕದ್ದು. ಅದರಲ್ಲಿ ಆಕೆಯ ಮುಖವೇ ಇರಬೇಕಲ್ಲದೆ ಬೇರೊಬ್ಬಳ ಬಣ್ಣವಿರಬಾರದು. ಮುಂದಿನ ಮದುವೆಯಲ್ಲಿ “ಅವಳ ಬಣ್ಣಕ್ಕೆ ಸರಿಯಾಗಿ ಹಚ್ಚಿ” ಎಂಬ ಒಂದು ಮಾತನ್ನು ಹಿರಿಯರಾದವರು ಹೇಳಿದರೆ ಯಾವ ಲೇಪವೂ ಕೊಡಲಾರದ ಕಳೆ ಆ ಮುಖಕ್ಕೆ ತಾನಾಗಿ ಬರುವುದು.